ಲಡಾಖ್ ಕರಪತ್ರದಲ್ಲಿ ಊರಿನ ಎತ್ತರವೂ ಅಚ್ಚಾಗಲಿ

ಮಾನ್ಯ ಸಂಪಾದಕರೇ,

ಗದಗಿನಲ್ಲಿ ನನ್ನದೊಂದು ಸಣ್ಣ ಪ್ರಿಂಟಿಂಗ್ ಪ್ರೆಸ್ ಇದೆ. ಲಗ್ನಪತ್ರಿಕೆ, ಜಾತ್ರೆಯ ಹ್ಯಾಂಡ್‌ಬಿಲ್ಲುಗಳ ಜೊತೆ ಟೂರಿನವರ ಕರಪತ್ರಗಳೂ ಬರುತ್ತವೆ. ಮೊದಲೆಲ್ಲ ಕಾಶಿ, ಶಿರಡಿ, ಪಂಢರಪುರ ಇರುತ್ತಿದ್ದವು. ಈಗ ಬೇಸಿಗೆ ಸೂಟಿ ಹತ್ತಿರ ಬಂತೆಂದರೆ ಲಡಾಖ್. ಮೇಲೆ ನೀಲಿ ಸರೋವರದ ಫೋಟೊ, ಕೆಳಗೆ ದಿನವಹಿ ಪಟ್ಟಿ, ಬೆಳಗಿನ ಚಹಾದಿಂದ ಹಿಡಿದು ಜೈನ್ ಊಟದವರೆಗೆ ಎಲ್ಲದರ ವಿವರ. ಪ್ರೂಫ್ ತಿದ್ದುವಾಗ ನನಗೆ ಚುಚ್ಚುವುದು ಒಂದೇ ಸಾಲು: ‘ಎರಡನೇ ದಿನ: ಮನಾಲಿಯಿಂದ ಸರ್ಚು. ರಾತ್ರಿ ಟೆಂಟ್ ವಾಸ.’

ಮನಾಲಿಯ ಎತ್ತರ ಸುಮಾರು 2,050 ಮೀಟರ್. ಅಲ್ಲಿಂದ ಲಡಾಖ್‌ನ ಮುಖ್ಯ ಪಟ್ಟಣ ಲೇಹ್‌ಗೆ ಹೋಗುವ ದಾರಿಯ ಸರ್ಚು 4,290ರ ಆಸುಪಾಸು. ನಡುವೆ ದಾಟುವ ಬಾರಾಲಾಚಾ ಘಾಟು 4,890. ನಮ್ಮ ರಾಜ್ಯದ ಅತಿ ಎತ್ತರದ ಮುಳ್ಳಯ್ಯನಗಿರಿಯೇ 1,925 ಮೀಟರ್. ಇಲ್ಲಿ ಒಂದೇ ಹಗಲಿನಲ್ಲಿ, ಸೀಟಿನಲ್ಲಿ ಕೂತಲ್ಲೇ, ಅದಕ್ಕಿಂತ ಹೆಚ್ಚು ಏರಿಸಿಬಿಡುತ್ತಾರೆ. ಮೇಲೆ ಹೋದರೂ ಗಾಳಿಯಲ್ಲಿ ಆಮ್ಲಜನಕದ ಪಾಲು ಅಷ್ಟೇ ಇರುತ್ತದೆ, ಇಳಿಯುವುದು ಗಾಳಿಯ ಒತ್ತಡ. ನಾವು ಹೋದಾಗ ಊರಿಂದ ಒಯ್ದಿದ್ದ ಶೇಂಗಾ ಚಟ್ನಿಯ ಸೀಲ್ ಪಾಕೀಟು ಬಾರಾಲಾಚಾದ ಮೇಲೆ ಉಬ್ಬಿ, ಇನ್ನೇನು ಒಡೆಯುತ್ತದೆ ಎನ್ನುವಂತಾಗಿತ್ತು. ಲೇಹ್‌ನಲ್ಲಿ ಒಂದು ಉಸಿರಿಗೆ ಸಿಗುವ ಆಮ್ಲಜನಕ ಸಮುದ್ರಮಟ್ಟದಲ್ಲಿ ಸಿಗುವುದರ ಮೂರರಲ್ಲಿ ಎರಡು ಪಾಲು ಮಾತ್ರ, ಸರ್ಚುವಿನಲ್ಲಿ ಅದಕ್ಕೂ ಕಡಿಮೆ. ಮೈ ಇದಕ್ಕೆ ಒಗ್ಗುತ್ತದೆ, ಆದರೆ ದಿನಗಳು ಬೇಕು. 3,000 ಮೀಟರ್ ದಾಟಿದ ಮೇಲೆ ಮಲಗುವ ಜಾಗವನ್ನು ರಾತ್ರಿಗೆ 500 ಮೀಟರಿಗಿಂತ ಹೆಚ್ಚು ಏರಿಸಬಾರದು, ಮೂರು-ನಾಲ್ಕು ದಿನಕ್ಕೊಮ್ಮೆ ಏರದೇ ಸುಮ್ಮನಿರಬೇಕು ಎನ್ನುತ್ತಾರೆ ವೈದ್ಯರು.

ಕಳೆದ ಮೇ ತಿಂಗಳಲ್ಲಿ ಗೆಳೆಯರೆಲ್ಲ ಕೂಡಿ ಕಾರಿನಲ್ಲೇ ಹೊರಟಿದ್ದೆವು. ಹುಬ್ಬಳ್ಳಿಯ ಮಗ್ಗುಲಲ್ಲಿ ಹಾಯುವ 48ನೇ ಹೆದ್ದಾರಿಯೇ ಪುಣೆ, ಉದಯಪುರ, ಜೈಪುರದ ಮೇಲೆ ದಿಲ್ಲಿಗೆ ಮುಟ್ಟಿಸುತ್ತದೆ; ರಾಜಸ್ಥಾನದ ಬಿಸಿಲು ಬಿಟ್ಟರೆ ಅಲ್ಲಿತನಕ ಹೇಳುವಂಥದ್ದೇನಿಲ್ಲ. ರೋಹ್ತಾಂಗ್ ಘಾಟಿನಡಿಯ ಒಂಬತ್ತು ಕಿಲೋಮೀಟರಿನ ಅಟಲ್ ಸುರಂಗ 2020ರಲ್ಲಿ ತೆರೆದ ಮೇಲೆ ಮನಾಲಿ ಬಿಟ್ಟವರು ಬಲುಬೇಗ ಆಚೆ ಬೀಳುತ್ತಾರೆ. ಮೊದಲು ಘಾಟು ಹತ್ತಿಳಿದು ದಣಿದವರು ಕೆಲಾಂಗ್‌ನಲ್ಲೋ ಜಿಸ್ಪಾದಲ್ಲೋ ತಂಗುತ್ತಿದ್ದರು. ಆ ದಣಿವೇ ಒಂದು ರೀತಿ ಔಷಧವಾಗಿತ್ತು. ಈಗ ‘ಇನ್ನೂ ಹೊತ್ತೈತಿ, ನಡೀರಿ ಸರ್ಚುಕ್ಕ’ ಎನ್ನುವುದು ಸುಲಭ.

ನಾವು ಸುಮಾರು 3,200 ಮೀಟರಿನ ಜಿಸ್ಪಾದಲ್ಲೇ ಉಳಿದೆವು. ಬೆಳಿಗ್ಗೆ ಢಾಬಾದ ಮುಂದೆ ಮೇಲಿನಿಂದ ಒಂದು ಟೆಂಪೊ ಇಳಿದು ಬಂತು. ಹಿಮಾಚಲದ ನಂಬರ್ ಪ್ಲೇಟು, ಆದರೆ ಬಾಗಿಲು ತೆಗೆದ ಕೂಡಲೇ ‘ಸಾವಕಾಶ ಇಳೀಪಾ’ ಎಂಬ ಮಾತು ಕೇಳಿಸಿತು. ಬ್ಯಾಡಗಿ ಕಡೆಯವರು. ಇಳಿದ ಹುಡುಗ ಎಸ್ಸೆಸ್ಸೆಲ್ಸಿ ಬರೆದವನಂತೆ. ಹತ್ತು ಹೆಜ್ಜೆ ದೂರದ ಬೆಂಚಿಗೆ ಹೋಗಲು ಅವನಿಗೆ ಆಗಲೊಲ್ಲದು. ಬಲಗಾಲು ಎಡಗಾಲಿಗೆ ತೊಡರುತ್ತಿತ್ತು, ಹೆಸರು ಕೇಳಿದರೆ ಉತ್ತರ ತಡವಾಗಿ ಬರುತ್ತಿತ್ತು. ‘ರಾತ್ರಿಯೆಲ್ಲಾ ತಲಿ ಹಿಡಕೊಂಡು ಕುಂತಿದ್ದಾರಿ. ಪಿತ್ತ ಆಗೇತಂತ ಲಿಂಬಿಹುಳಿ ಕುಡಿಸಿದ್ವಿ’ ಎಂದರು ತಾಯಿ. ಟೂರಿನ ಮ್ಯಾನೇಜರ್ ‘ಲೇಹ್ ಮುಟ್ಟಿದ್ರ ಆರಾಮ ಆಗ್ತಾನ’ ಎಂದು ಮುಂದಕ್ಕೇ ಹೊರಡಿಸಿದ್ದನಂತೆ. ಸರ್ಚುವಿನಿಂದ ಲೇಹ್‌ಗೆ ಇಳಿಯಬೇಕಾದರೆ ಮೊದಲು 5,300 ಮೀಟರ್ ಮೀರಿದ ತಂಗ್‌ಲಾಂಗ್ ಘಾಟನ್ನು ಹತ್ತಲೇಬೇಕು! ಅಲ್ಲಿನದೇ ಲಾಹೌಲ್ ಸೀಮೆಯ ಡ್ರೈವರ್ ಅವನ ಮಾತು ಕೇಳದೆ ಗಾಡಿ ಹಿಂದಕ್ಕೆ ತಿರುಗಿಸಿದ್ದ. ತೊಡರುವ ನಡಿಗೆ, ಮಂಕು ಕವಿಯುವುದು ಮಿದುಳಿನಲ್ಲಿ ಬಾವು ಬರುತ್ತಿರುವ ಗುರುತು. ಸುಮ್ಮನೆ ಕೂತಾಗಲೂ ಏದುಸಿರು, ನೊರೆಕಫ ಬಂದರೆ ಪುಪ್ಪುಸದಲ್ಲಿ ನೀರು. ಎರಡಕ್ಕೂ ಮೊದಲ ಮದ್ದು ಕೆಳಗಿಳಿಯುವುದೇ. ಕೆಲಾಂಗ್ ಆಸ್ಪತ್ರೆಗೆ ಹೋದರು. ಹುಡುಗ ಚೇತರಿಸಿಕೊಂಡನೆಂದು ಆಮೇಲೆ ತಿಳಿಯಿತು. ಆ ದಾರಿಯಲ್ಲಿ ಫೋನು ಹತ್ತುವುದೇ ಕಷ್ಟ, ಲಡಾಖ್‌ನಲ್ಲಂತೂ ನಮ್ಮ ಕಡೆಯ ಪ್ರೀಪೇಡ್ ಸಿಮ್ ನಡೆಯುವುದೇ ಇಲ್ಲ. ಇದನ್ನೂ ಯಾವ ಕರಪತ್ರದಲ್ಲೂ ನಾನು ಅಚ್ಚು ಹಾಕಿಲ್ಲ.

ಕುಂದಗೋಳ ತಾಲ್ಲೂಕಿನ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಅವರನ್ನು ನಮ್ಮ ಭಾಗದವರು ಮರೆತಿಲ್ಲ. 2016ರ ಫೆಬ್ರುವರಿ 3ರಂದು ಸಿಯಾಚಿನ್‌ನಲ್ಲಿ ಹಿಮದಡಿ ಸಿಕ್ಕಿ, ಆರು ದಿನದ ಮೇಲೆ ಜೀವಂತವಾಗಿ ಸಿಕ್ಕು, 11ರಂದು ದಿಲ್ಲಿಯ ಸೇನಾ ಆಸ್ಪತ್ರೆಯಲ್ಲಿ ತೀರಿಕೊಂಡರು. ಅವರನ್ನು ಒಯ್ದದ್ದು ಹಿಮಕುಸಿತ, ಎತ್ತರದ ಕಾಯಿಲೆಯಲ್ಲ. ಆದರೆ ಅಂಥ ಠಾಣೆಗೆ ಹತ್ತಿಸುವ ಮೊದಲು ಗಟ್ಟಿಮುಟ್ಟಾದ ಜವಾನರನ್ನೂ ಸೇನೆ ಹಂತಹಂತವಾಗಿ ಒಗ್ಗಿಸುತ್ತದೆ: 12,000 ಅಡಿಯವರೆಗೆ ಆರು ದಿನ, 15,000ದವರೆಗೆ ನಾಲ್ಕು, ಅದರ ಮೇಲಕ್ಕೆ ಮತ್ತೆ ನಾಲ್ಕು. ನಮ್ಮ ಟೂರಿನವರು ಬಿ.ಪಿ. ಗುಳಿಗೆ ನುಂಗುವ ಅಜ್ಜ-ಅಜ್ಜಿಯರನ್ನು ಒಂದೇ ದಿನದಲ್ಲಿ 14,000 ಅಡಿಯ ಸರ್ಚುವಿಗೆ ಒಯ್ದು ಮಲಗಿಸುತ್ತಾರೆ.

ಹೋಗಬೇಡಿ ಎನ್ನುತ್ತಿಲ್ಲ. ಶ್ರೀನಗರದ ದಾರಿ ಇದೆ: ಶ್ರೀನಗರ 1,585, ಕಾರ್ಗಿಲ್ 2,676, ಆಮೇಲೆ 3,500ರ ಲೇಹ್. ಏರು ನಿಧಾನ. ಮನಾಲಿ ಕಡೆಯಿಂದಲೇ ಬೇಕೆಂದರೆ ಜಿಸ್ಪಾದಲ್ಲಿ ಎರಡು ರಾತ್ರಿ ಇರಲಿ, ಸರ್ಚುವಿನಲ್ಲಿ ಮಲಗುವುದೇ ಬೇಡ. ವಿಮಾನದಲ್ಲಿ ನೇರ ಲೇಹ್‌ಗೆ ಇಳಿದವರು ಎರಡು ದಿನ ಊರು ಬಿಟ್ಟು ಕದಲಬಾರದು.

ಟೂರಿನವರಲ್ಲಿ ನನ್ನ ಕೇಳಿಕೆ ಇಷ್ಟೇ. ಪಟ್ಟಿಯಲ್ಲಿ ರಾತ್ರಿ ತಂಗುವ ಪ್ರತಿ ಊರಿನ ಮುಂದೆ ಅದರ ಎತ್ತರವನ್ನೂ ಹಾಕಿಸಿ. ಒಂದು ಅಂಕಿ ಹೆಚ್ಚಾದರೆ ಅಚ್ಚಿನ ಖರ್ಚು ಹೆಚ್ಚಾಗುವುದಿಲ್ಲ, ಪ್ರೆಸ್ಸಿನವನಾಗಿ ಹೇಳುತ್ತಿದ್ದೇನೆ. ಇಂಥ ಜಾಹೀರಾತು ನಿಮ್ಮ ಪತ್ರಿಕೆಗೂ ಬರುತ್ತವಲ್ಲ. ತೆಗೆದುಕೊಳ್ಳುವಾಗ ನೀವೂ ಆ ಅಂಕಿ ಕೇಳಬಹುದು.

– ಮುದ್ರಣಾಲಯದ ಮಾಲೀಕ, ಗದಗ-ಬೆಟಗೇರಿ