ವಾಯಿದೆಗೆ ಬಾರದವರಿಗೆ ಜಾಮೀನು ಏಕೆ?

ಮಾನ್ಯ ಸಂಪಾದಕರೇ,

ಮೇಯೋ ಹಾಲ್, ನೃಪತುಂಗ ರಸ್ತೆಯ ಕೋರ್ಟುಗಳಲ್ಲಿ ಸಾಕ್ಷಿಗಳು ಕೆಲಸ ಬಿಟ್ಟು ಬಂದು ಕಾಯುತ್ತಾರೆ. ಎಷ್ಟೋ ಸಲ ಜಾಮೀನು ಪಡೆದ ಆರೋಪಿಯೇ ಬರುವುದಿಲ್ಲ. ವಕೀಲರಿಂದ ಒಂದು ಅರ್ಜಿ, ಮತ್ತೆ ವಾಯಿದೆ. ಕಾನೂನಿಗೇನೂ ಕೊರತೆ ಇಲ್ಲ. ಬಾಂಡ್ ರದ್ದು ಮಾಡಬಹುದು, ಹಣ ವಸೂಲಿ ಮಾಡಬಹುದು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 269ನೇ ಸೆಕ್ಷನ್ ಪ್ರಕಾರ, ಸರಿಯಾದ ಕಾರಣವಿಲ್ಲದೆ ಹೀಗೆ ತಪ್ಪಿಸಿಕೊಂಡರೆ ಅದೇ ಬೇರೆ ಅಪರಾಧ. 1 ವರ್ಷದವರೆಗೆ ಜೈಲಾಗಬಹುದು. ಬಳಸಲು ಹಿಂಜರಿಕೆ ಯಾಕೋ!

ಒಂದು ದಿನ ಬಸ್ ತಪ್ಪಿದ ಕೂಲಿಯವನನ್ನು ಪರಪ್ಪನ ಅಗ್ರಹಾರಕ್ಕೆ ಕಳಿಸಿ ಎನ್ನುತ್ತಿಲ್ಲ. ಪದೇ ಪದೇ ಕೈಕೊಡುವವರ ಜಾಮೀನು ರದ್ದಾಗಲಿ. ದುಡ್ಡಿಗಾಗಿ ಸುಮ್ನೆ ಸಹಿ ಹಾಕುವ ಜಾಮೀನುದಾರರನ್ನೂ ಕರೆಸಿ ಕೇಳಲಿ. ವಾರಂಟ್ ಹಿಡಿದು ಹೋದ ಪೊಲೀಸರಿಗೆ ವಿಳಾಸವೇ ಸಿಗದಿದ್ದರೆ ಅದಕ್ಕೆ ಅವರೂ ಉತ್ತರ ಕೊಡಬೇಕಲ್ವಾ?

— ಒಬ್ಬ ಓದುಗ, ಬಸವನಗುಡಿ, ಬೆಂಗಳೂರು