ಯುರೋಪಿಗೆ ಹೋಗುವ ಬೋಲ್ಟಿಗೆ ಇನ್ನು ಬೇರೆ ಉಕ್ಕು, ಬೇರೆ ದರ

ಆತ್ಮೀಯ ಗ್ರಾಹಕರಿಗೆ ನಮಸ್ಕಾರ.

ನಿಮ್ಮ ಮಾಲು ದೇಶದೊಳಗೇ ಬಳಕೆಯಾಗುವುದಾದರೆ ಬಿಲ್ಲಿನಲ್ಲಿ ಒಂದು ರೂಪಾಯಿಯೂ ಬದಲಾಗುವುದಿಲ್ಲ. ನೀವು ಇಲ್ಲಿಗೇ ನಿಲ್ಲಿಸಬಹುದು. ನಮ್ಮಿಂದ ಬೋಲ್ಟು, ನಟ್ಟು, ಸ್ಟಡ್ಡು ತಗೊಂಡು ಯುರೋಪಿಗೆ ಕಳಿಸುವವರು ದಯವಿಟ್ಟು ಪೂರ್ತಿ ಓದಿ.

ಯುರೋಪಿಯನ್ ಒಕ್ಕೂಟದ ಗಡಿ ಕಾರ್ಬನ್ ತೆರಿಗೆ, ಅಂದರೆ ಎಲ್ಲರ ಬಾಯಲ್ಲಿರುವ ಸಿಬ್ಯಾಮ್, 2026ರ ಜನವರಿ 1ರಿಂದ ಜಾರಿಯಲ್ಲಿದೆ. 2023ರ ಅಕ್ಟೋಬರಿನಿಂದ ಅಲ್ಲಿಯವರೆಗೆ ಬರೀ ವರದಿ ಕೊಟ್ಟರೆ ಸಾಕಿತ್ತು. ಈಗ ದುಡ್ಡಿನ ಮಾತು. ಕಟ್ಟಬೇಕಾದವರು ಅಲ್ಲಿನ ಆಮದುದಾರರು, ನಿಜ. ಆದರೆ ಅವರು ಸುಮ್ನೆ ಕೈಯಿಂದ ಹಾಕುತ್ತಾರಾ? ನಿಮ್ಮ ದರ ಇಳಿಸಲು ನೋಡುತ್ತಾರೆ, ನೀವು ನಮ್ಮನ್ನು ಕೇಳುತ್ತೀರಿ.

ಸೋಲಾರ್ ಹಾಕಿಸಿ ಎಂದು ನಿಮ್ಮಲ್ಲಿ ಕೆಲವರು ಹೇಳಿದ್ದಿರಿ. ಹಾಕಿಸಿದರೆ ನಮ್ಮ ಕರೆಂಟ್ ಬಿಲ್ ಇಳಿಯುತ್ತದೆ, ಈ ತೆರಿಗೆ ಇಳಿಯುವುದಿಲ್ಲ. ಉಕ್ಕಿನ ಸಾಮಾನಿಗೆ ಈಗಿನ ನಿಯಮದಲ್ಲಿ ತಯಾರಿಕೆಯಲ್ಲಿ ನೇರವಾಗಿ ಏಳುವ ಹೊಗೆಯಷ್ಟೇ ಲೆಕ್ಕ. ಕರೆಂಟಿನದ್ದು ಲೆಕ್ಕಕ್ಕಿಲ್ಲ. ವಿಚಿತ್ರ ಅಲ್ವಾ? ಒಂದು ಬೋಲ್ಟಿನ ಕಾರ್ಬನ್ ಹೊರೆಯಲ್ಲಿ ಬಹುಪಾಲು, ಬೋಲ್ಟಿಗೆ ಕಚ್ಚಾ ಮಾಲಾದ ವೈರ್ ರಾಡ್ ಕಾಯಿಲ್ (ಸುರುಳಿ ಸುತ್ತಿದ ಉಕ್ಕಿನ ಸರಳು) ನಮ್ಮ ಗೇಟಿಗೆ ಬರುವ ಮೊದಲೇ ಕೂತಿರುತ್ತದೆ. ಅದಿರಿನಿಂದ ಬ್ಲಾಸ್ಟ್ ಫರ್ನೆಸ್ಸಿನಲ್ಲಿ (ಕಲ್ಲಿದ್ದಲಿನ ಕೋಕ್ ಉರಿಸುವ ದೊಡ್ಡ ಕುಲುಮೆ) ಮಾಡಿದ ಉಕ್ಕಾದರೆ ಟನ್ನಿಗೆ 2 ಟನ್ನಿಗೂ ಜಾಸ್ತಿ ಇಂಗಾಲದ ಡೈಆಕ್ಸೈಡ್. ಗುಜರಿ ಕರಗಿಸಿ ಮಾಡಿದ ಉಕ್ಕಾದರೆ ಅದರ ಸಣ್ಣ ಪಾಲು.

ಹಾಗಾಗಿ ಯುರೋಪಿನ ಆರ್ಡರುಗಳಿಗೆ ಗುಜರಿ ಉಕ್ಕಿನ ರಾಡನ್ನೇ ಬಳಸಲು ತೀರ್ಮಾನಿಸಿದ್ದೇವೆ. ಗುಜರಿ ಕರಗಿಸುವುದು ಎಲೆಕ್ಟ್ರಿಕ್ ಫರ್ನೆಸ್ಸಿನಲ್ಲಿ, ಆದರೆ ಕಾಗದದಲ್ಲಿ ಹಾಗೆಂದು ಬರೆದಿದ್ದರಷ್ಟೇ ಸಾಲದು. ಅನೇಕರು ಗುಜರಿ ಜೊತೆ ಸ್ಪಾಂಜ್ ಐರನ್ (ಅದಿರನ್ನು ಕರಗಿಸದೆ ತೆಗೆದ ಕಬ್ಬಿಣ) ಸುರಿಯುತ್ತಾರೆ. ನಮ್ಮ ಬಳ್ಳಾರಿ ಕಡೆಯದ್ದು ಹೆಚ್ಚಾಗಿ ಕಲ್ಲಿದ್ದಲಿನಲ್ಲಿ ತಯಾರಾಗುವಂಥದ್ದು, ಅದು ಸೇರಿದಷ್ಟೂ ಲೆಕ್ಕ ಏರುತ್ತದೆ. ಎಷ್ಟು ಸೇರಿಸಿದ್ದಾರೆಂದು ಮಿಲ್ಲಿನವರು ಬರೆದುಕೊಟ್ಟರೆ ಮಾತ್ರ ನಾವು ಕಾಯಿಲ್ ಇಳಿಸಿಕೊಳ್ಳುತ್ತೇವೆ. ಅಂಥ ಕಾಯಿಲಿನ ತುದಿಗೆ ಹಸಿರು ಬಣ್ಣ ಬಳಿದು, ಹೀಟ್ ನಂಬರಿನ (ಯಾವ ಸಲ ಕರಗಿಸಿದ ಉಕ್ಕು ಎಂದು ಮಿಲ್ಲು ಕೊಡುವ ಸಂಖ್ಯೆ) ತಗಡು ಕಟ್ಟಿ ಬೇರೆ ಇಡುತ್ತೇವೆ. ಹೆಡ್ಡಿಂಗ್ ಮಷಿನ್‌ನಿಂದ ಪ್ಯಾಕಿಂಗ್‌ವರೆಗೂ ಅದೇ ನಂಬರ್ ಲಾಟ್ ಕಾರ್ಡಿನಲ್ಲಿರುತ್ತದೆ.

10.9 ಗ್ರೇಡಿನ, ಅಂದರೆ ಹೆಚ್ಚು ಬಲದ ಬೋಲ್ಟುಗಳನ್ನು ಮಾತ್ರ ಸದ್ಯಕ್ಕೆ ಬದಲಾಯಿಸುತ್ತಿಲ್ಲ. ಗುಜರಿಯಲ್ಲಿ ತಾಮ್ರ, ತವರ ಸೇರಿರುತ್ತವೆ. ಅವು ಜಾಸ್ತಿಯಾದರೆ ತಣ್ಣಗೆ ಹೆಡ್ ಒತ್ತುವಾಗ ಅಂಚಿನಲ್ಲಿ ಕೂದಲೆಳೆ ಬಿರುಕು ಬರಬಹುದು. ತೆರಿಗೆ ಉಳಿಸಲು ಹೋಗಿ ಬೋಲ್ಟ್ ಮುರಿದರೆ ಯಾರಿಗೆ ಲಾಭ?

ಈಗಲೇ ಯಾಕೆ ಈ ಅವಸರ ಎಂದು ಕೇಳಬಹುದು. ಯುರೋಪಿನ ಕಾರ್ಖಾನೆಗಳಿಗೆ ಸಿಗುವ ಉಚಿತ ಹೊಗೆ ಪರವಾನಗಿಯಲ್ಲಿ 2026ರಲ್ಲಿ ಶೇ 2.5 ಮಾತ್ರ ಕಡಿತ. 2030ಕ್ಕೆ ಶೇ 48.5, 2034ಕ್ಕೆ ಪೂರ್ತಿ ಬಂದ್. ಅವರ ರಿಯಾಯಿತಿ ಕರಗಿದ ಹಾಗೆ ನಮ್ಮ ಮಾಲಿನ ಮೇಲಿನ ಹೊರೆ ಏರುತ್ತದೆ. ಪರಿಶೀಲನೆಯಾದ ಹೊಗೆಯ ಅಂಕಿ ಕೊಡದಿದ್ದರೆ ಒಕ್ಕೂಟದವರೇ ಒಂದು ಅಂಕಿ ಹಾಕಿ, ಅದರ ಮೇಲೆ 2026ರಲ್ಲಿ ಶೇ 10, 2028ರಿಂದ ಶೇ 30 ಸೇರಿಸುತ್ತಾರೆ. ಆಗ ಒಳ್ಳೆ ಉಕ್ಕು ಬಳಸಿದ್ದೂ ವ್ಯರ್ಥ.

ಎಲ್ಲರಿಗೂ ಇದು ಬೇಕಿಲ್ಲ. ನಿಮ್ಮ ಆಮದುದಾರರು ಇಂಥ ಉಕ್ಕು, ಅಲ್ಯೂಮಿನಿಯಂ, ಸಿಮೆಂಟು, ಗೊಬ್ಬರ ಎಲ್ಲ ಸೇರಿ ವರ್ಷಕ್ಕೆ 50 ಟನ್ನಿನೊಳಗೆ ತರಿಸುವುದಾದರೆ ವಿನಾಯಿತಿ ಇದೆ. ಮೊದಲು ಅವರನ್ನು ಕೇಳಿ. ಪಂಪು, ಯಂತ್ರದೊಳಗೆ ಕೂತು ಹೋಗುವ ಬೋಲ್ಟಿಗೂ ಸದ್ಯಕ್ಕೆ ಈ ಲೆಕ್ಕವಿಲ್ಲ. ಆದರೆ ಪಟ್ಟಿಗೆ ಇನ್ನಷ್ಟು ಸಾಮಾನು ಸೇರಿಸುವ ಪ್ರಸ್ತಾವ 2025ರ ಡಿಸೆಂಬರಿನಲ್ಲೇ ಬಂದಿದೆ, ಗಮನವಿರಲಿ.

ದರದ ವಿಷಯ: ರಾಡಿನ ಬೆಲೆಯಲ್ಲಿ ಎಷ್ಟು ವ್ಯತ್ಯಾಸವೋ ಅಷ್ಟನ್ನೇ ಕೊಟೇಶನ್ನಿನಲ್ಲಿ ಬೇರೆ ಸಾಲಾಗಿ ತೋರಿಸುತ್ತೇವೆ. ಹೊಗೆಯ ಅಂಕಿ ಪರಿಶೀಲಿಸುವವರ ಖರ್ಚನ್ನು ಯುರೋಪಿನ ಲಾಟುಗಳಿಗಷ್ಟೇ ಹಂಚುತ್ತೇವೆ. ಇನ್ನು ಮುಂದೆ ಆರ್ಡರ್ ಕೊಡುವಾಗ ಮಾಲು ಯಾವ ದೇಶಕ್ಕೆ, ಬಿಡಿಯಾಗಿಯೋ ಯಂತ್ರದೊಳಗೋ ಎಂದು ಬರೆದುಕೊಡಿ. ಬರೆಯದಿದ್ದರೆ ಮಾಮೂಲಿ ರಾಡಿನಲ್ಲೇ ಮಾಡುತ್ತೇವೆ, ಆಮೇಲೆ ಕಾರ್ಬನ್ ಲೆಕ್ಕದ ಕಾಗದಪತ್ರ ಕೊಡಲು ಆಗುವುದಿಲ್ಲ. ಈಗಾಗಲೇ ಒಪ್ಪಿಕೊಂಡ ಆರ್ಡರುಗಳು ಹಳೆಯ ದರದಲ್ಲೇ ಬರುತ್ತವೆ.

ಇಂತಿ ನಿಮ್ಮ ವಿಶ್ವಾಸಿಗಳು,
ಮಾಲೀಕರು ಮತ್ತು ಸಿಬ್ಬಂದಿ
ಪೀಣ್ಯ, ಬೆಂಗಳೂರು