ಉತ್ತರದ ಗೋಡೆಯ ನೆರಳಿಗೆ

ಗೆಳೆಯಾ,

ನೆರಳಿನ ಪಾತಿಗೆ ಏನು ನೆಡಲಿ ಅಂತ ಕೇಳಿ ನೀನು ಕಳಿಸಿದ ಫೋಟೋ ನೋಡಿದೆ. ಮನೆಯ ಉತ್ತರಕ್ಕೆ ಉದ್ದನೆಯ ಪಾತಿ, ಮೇಲೆ ಹೊಂಗೆ ಮರ. ಅಲ್ಲಿ ಗುಲಾಬಿ ಒಣಗಿತು ಅಂತ ಬೇಜಾರು ಮಾಡಿಕೊಳ್ಳಬೇಡ, ಅದಕ್ಕೆ ದಿನಕ್ಕೆ ಐದಾರು ಗಂಟೆ ಬಿಸಿಲು ಬೇಕು, ನೀನು ಎಷ್ಟು ಗೊಬ್ಬರ ಹಾಕಿದರೂ ಅಷ್ಟೇ. ನೆರಳಲ್ಲಿ ಬಣ್ಣ ಬರುವುದು ಹೆಚ್ಚಾಗಿ ಎಲೆಯಿಂದ. ಬಣ್ಣದ ಕೆಸು, ಜರೀಗಿಡ, ಪೀಸ್ ಲಿಲಿ ಹಾಕು. ಅಂಚಿಗೆ ಸ್ವಲ್ಪ ಬೆಳಕು ಬೀಳುವ ಕಡೆ ಕನಕಾಂಬರ ಇರಲಿ. ಕೆಸುವನ್ನೂ ಲಿಲಿಯನ್ನೂ ಮಾತ್ರ ಮಗಳ ಕೈಗೆ ಸಿಗದ ಹಾಗೆ ಹಿಂದಕ್ಕೆ ನೆಡು, ಎಲೆ ಕಚ್ಚಿದರೆ ಬಾಯಿ ಉರಿಯುತ್ತದೆ.

ಇನ್ನೊಂದು ಮಾತು. ಉತ್ತರದ ಕಡೆ ವರ್ಷವಿಡೀ ನೆರಳು ಅಂದುಕೊಳ್ಳಬೇಡ. ನಮ್ಮ ಬೆಂಗಳೂರಲ್ಲಿ ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ಮಧ್ಯಾಹ್ನದ ಸೂರ್ಯ ನೆತ್ತಿಯಿಂದ ಉತ್ತರಕ್ಕೆ ವಾಲಿರುತ್ತಾನೆ. ಮರದ ನೆರಳಿಲ್ಲದ ಜಾಗದಲ್ಲಿ ನನ್ನ ಲಿಲಿಯ ಎಲೆಗಳೆಲ್ಲ ಮೇ ತಿಂಗಳಲ್ಲೇ ಸುಟ್ಟು ಕಂದಾದವು. ನೀನು ಮರದ ಬುಡದ ಕಡೆ ನೆಡು, ಆದರೆ ನೀರು ಜಾಸ್ತಿ ಬೇಕಾಗುತ್ತದೆ. ಸಣ್ಣ ಮಳೆ ಕೊಂಬೆ ದಾಟಿ ಕೆಳಗೆ ಬರುವುದೇ ಇಲ್ಲ, ಬಿದ್ದ ಅಷ್ಟಿಷ್ಟನ್ನೂ ಬೇರು ಕುಡಿದುಬಿಡುತ್ತದೆ.

ನನಗೆ ಎಲ್ಲಕ್ಕಿಂತ ಇಷ್ಟ ನೆಲಸಂಪಿಗೆ. ಶುಂಠಿಯ ಜಾತಿ. ಚಳಿಗಾಲದಲ್ಲಿ ಎಲೆ ಒಣಗಿ ನೆಲ ಬರಿದಾಗುತ್ತದೆ, ಅಲ್ಲಿ ಏನೋ ಇತ್ತು ಅಂತ ಸುಳಿವೂ ಸಿಗುವುದಿಲ್ಲ. ಮೂರು ವರ್ಷದ ಹಿಂದೆ ಜನವರಿಯಲ್ಲಿ, ಸುಮ್ನೆ ಖಾಲಿ ಬಿದ್ದಿದೆಯಲ್ಲ ಅಂತ ಆ ಜಾಗ ಅಗೆದೆ. ಗುದ್ದಲಿ ಕಚಕ್ಕೆಂದಿತು. ಶುಂಠಿಯಂಥ ಘಾಟು ಮೂಗಿಗೆ ಬಡಿದಾಗಲೇ ಗೊತ್ತಾಗಿದ್ದು, ಗೆಡ್ಡೆ ಎರಡು ಹೋಳಾಗಿತ್ತು. ಕಣ್ಣಲ್ಲಿ ನೀರು ಬಂತು. ತುಂಡುಗಳನ್ನು ಮತ್ತೆ ಹೂತೆ.

ಏಪ್ರಿಲ್‌ನಲ್ಲಿ ಒಂದು ಬೆಳಿಗ್ಗೆ ನೋಡಿದರೆ ಎಲೆಯಿಲ್ಲ, ಕಾಂಡವಿಲ್ಲ, ಒಣಮಣ್ಣು ಬಿರಿದು ಹೂ! ಬಿಳಿ ಎಸಳು, ನಡುವೆ ನೇರಳೆ. ಬಗ್ಗಿ ಮೂಸಬೇಕು, ಅಷ್ಟು ನೆಲಕ್ಕಂಟಿ ಅರಳುತ್ತದೆ. ಒಂದು ಹೂ ಒಂದೇ ದಿನ, ಮರುದಿನ ಪಕ್ಕದಲ್ಲೇ ಇನ್ನೊಂದು. ಮಳೆ ಹಿಡಿದ ಮೇಲೆ ಎಲೆ ಬರುತ್ತದೆ, ಮೇಲೆ ಬೆಳ್ಳಿಗೀರು, ಮಗುಚಿದರೆ ಕೆಂಪು ನೇರಳೆ. ಈಗ ಪ್ರತಿ ಬುಡಕ್ಕೂ ಗುರುತಿನ ಕಡ್ಡಿ ನೆಟ್ಟಿದ್ದೇನೆ. ನೀನೂ ಮೊದಲ ದಿನವೇ ನೆಟ್ಟುಬಿಡು.

ಫೆಬ್ರವರಿಯಲ್ಲಿ ಬಾ, ಗೆಡ್ಡೆ ಮಲಗಿರುವಾಗಲೇ ಎತ್ತಿ ಕೊಡುತ್ತೇನೆ. ಬರುವಾಗ ಒಂದು ಗೋಣಿಚೀಲ ನಿನ್ನ ಹೊಂಗೆ ತರಗೆಲೆ ತಾ. ಪಾತಿಗೆ ಹೊದಿಸಲು ನಮ್ಮಲ್ಲಿ ಸಾಲುತ್ತಿಲ್ಲ.